ಮೂಗಿನ ಶಸ್ತ್ರಚಿಕಿತ್ಸೆ ಮತ್ತು ನಿಮ್ಮ ನಗು

“ಮೂಗಿನ ತುದಿಯಲ್ಲೇ ಸಿಟ್ಟು”, “ಮೂಗು ಮುರಿದಳು”, “ಮೂಗಿನ ಮೇಲೆ ಬೆರಳಿಟ್ಟರು” – ನಮ್ಮ ಆಡುಮಾತಿನಲ್ಲಿ ಮನಸ್ಸಿನ ಭಾವಕ್ಕೆ ಮೂಗನ್ನು ಸಾಕ್ಷಿ ಕರೆಯುವ ಮಾತುಗಳು ಎಷ್ಟೋ ಇವೆ. ಭಾವ ತೋರಿಸುವುದು ಕಣ್ಣು ಮತ್ತು ಬಾಯಿ, ಮೂಗು ಸುಮ್ಮನೆ ನಡುವೆ ನಿಂತಿರುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ವೈದ್ಯಶಾಸ್ತ್ರದ ಪ್ರಕಾರವೂ ಹಿರಿಯರ ಮಾತೇ ಸರಿ. ಮೂಗಿಗೂ ಸ್ನಾಯುಗಳಿವೆ. ನಾವು ನಗುವಾಗ, ಅಸಹ್ಯಪಡುವಾಗ, ಸಿಟ್ಟಾದಾಗ ಅವು ಕೆಲಸ ಮಾಡುತ್ತವೆ. ಆದ್ದರಿಂದಲೇ ಮೂಗಿನ ಆಕಾರ ಸರಿಪಡಿಸುವ ಶಸ್ತ್ರಚಿಕಿತ್ಸೆ, ಅಂದರೆ ರೈನೋಪ್ಲಾಸ್ಟಿ, ಮಾಡಿಸಿಕೊಂಡವರು ಕೆಲವು ದಿನಗಳ ನಂತರ “ಡಾಕ್ಟ್ರೇ, ಮೂಗು ಚೆನ್ನಾಗಿ ಬಂದಿದೆ, ಆದರೆ ನಗು ಮಾತ್ರ ನನ್ನದಲ್ಲ ಅನ್ನಿಸ್ತದೆ” ಎನ್ನುತ್ತಾರೆ. ಈ ಮಾತಿಗೆ ಉತ್ತರವಾಗಿ ಈ ಕಿರುಹೊತ್ತಿಗೆಯನ್ನು ಬರೆದಿದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಓದಿದರೆ ಹೆಚ್ಚು ಉಪಯೋಗ. ಓದಲು ಬಾರದವರಿಗೆ ಜೊತೆಯಲ್ಲಿರುವವರು ಓದಿ ಹೇಳಬೇಕು.

ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯಲ್ಲಿ ಚೆಂದಕ್ಕಾಗಿ ಮಾಡುವ ಆಪರೇಷನ್ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಇಂಥ ಚಿಕಿತ್ಸೆಗೆ ಬರುವವರು ಯಾರು ಎಂದು ನೋಡಿದರೆ ಸಂಶಯ ಹೋಗುತ್ತದೆ. ಬೈಕಿನಿಂದ ಬಿದ್ದು ಮೂಗು ಮುರಿದು ಸೊಟ್ಟಗಾದ ಯುವಕರು, ಹುಟ್ಟಿನಿಂದ ಸೀಳುತುಟಿ ಇದ್ದು ಒಂದು ಹೊಳ್ಳೆ ಕುಸಿದ ಮಕ್ಕಳು, ನಡುಗೋಡೆ ವಾಲಿ ಉಸಿರಾಟಕ್ಕೆ ತೊಂದರೆಯಾದವರು, ಕುಷ್ಠರೋಗ ವಾಸಿಯಾದ ಮೇಲೂ ಮೂಗು ತಗ್ಗಾಗಿ ಉಳಿದವರು, ಹೀಗೆ. ಕೇವಲ ರೂಪಕ್ಕಾಗಿ ಬರುವವರೂ ಉಂಟು. “ಹೆಣ್ಣು ನೋಡಲು ಬಂದವರು ಮೂಗಿನ ಮಾತೆತ್ತಿದರು” ಎಂದು ಕಣ್ಣೀರು ಹಾಕುವ ಮಗಳನ್ನು ತಂದೆತಾಯಿ ಕರೆತರುತ್ತಾರೆ. ಆ ನೋವನ್ನು ಹಗುರವಾಗಿ ನೋಡಬಾರದು. ಯಾವ ಕಾರಣಕ್ಕೆ ಮಾಡಿಸಿಕೊಂಡರೂ ಮುಖಭಾವದ ಮೇಲೆ ಆಗುವ ಪರಿಣಾಮ ಮಾತ್ರ ಒಂದೇ.

ಈ ವಿದ್ಯೆ ಹೊಸದೇನಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಟಿಪ್ಪು ಸುಲ್ತಾನನ ಕಾಲದ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯವನೊಬ್ಬನಿಗೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬಾತ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ಸಂಗತಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದನ್ನು ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮಾಡಿದರು. ಹಣೆಯ ಚರ್ಮದ ಈ ವಿಧಾನ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಒಂದು ವಿಚಿತ್ರವುಂಟು. ಚರ್ಮದ ತೊಟ್ಟು ಇನ್ನೂ ಹಣೆಗೆ ಅಂಟಿಕೊಂಡಿರುವಾಗ ಹೊಸ ಮೂಗನ್ನು ಮುಟ್ಟಿದರೆ ರೋಗಿಗೆ ಹಣೆಯನ್ನು ಮುಟ್ಟಿದಂತೆ ಅನ್ನಿಸುತ್ತದೆ! ಮುಖದ ಆಕಾರ ಬದಲಾದ ದಿನವೇ ಸ್ಪರ್ಶ ಮತ್ತು ಚಲನೆ ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಅದಕ್ಕೆ ಕಾಲ ಬೇಕು. ಇಂದಿನ ಸಾಮಾನ್ಯ ರೈನೋಪ್ಲಾಸ್ಟಿಯಲ್ಲಿ ಹಣೆಯನ್ನು ಮುಟ್ಟುವುದಿಲ್ಲ, ಆದರೆ ಈ ಮಾತು ಅದಕ್ಕೂ ಅನ್ವಯಿಸುತ್ತದೆ.

ನಗುವಾಗ ಮೂಗು ಏನು ಮಾಡುತ್ತದೆ?

ಒಂದು ಕನ್ನಡಿ ತೆಗೆದುಕೊಳ್ಳಿ. ಮೊದಲು ಮುಖವನ್ನು ಸಡಿಲವಾಗಿ ಬಿಟ್ಟು ನೋಡಿ, ನಂತರ ಹಲ್ಲು ಕಾಣುವಂತೆ ಚೆನ್ನಾಗಿ ನಗಿರಿ. ಮೂರು ಸಂಗತಿ ಗಮನಿಸಬಹುದು. ಹೊಳ್ಳೆಗಳು ಅಗಲವಾಗುತ್ತವೆ. ಮೇಲ್ತುಟಿ ಮೇಲಕ್ಕೆ ಹೋಗಿ ಗಿಡ್ಡವಾಗುತ್ತದೆ. ಹಲವರಲ್ಲಿ ಮೂಗಿನ ತುದಿ ಸ್ವಲ್ಪ ಕೆಳಕ್ಕೆ ಬಾಗುತ್ತದೆ. ಈ ಕೊನೆಯದು ಎಲ್ಲರಲ್ಲೂ ಇರುವುದಿಲ್ಲ. ಇದ್ದವರಲ್ಲೂ ಹೆಚ್ಚಿನವರು ಅದನ್ನು ಎಂದೂ ಗಮನಿಸಿರುವುದಿಲ್ಲ, ಮದುವೆಯ ಫೋಟೊದಲ್ಲಿ ನೋಡಿ “ನಗುವಾಗ ನನ್ನ ಮೂಗು ಹೀಗೇಕೆ?” ಎನ್ನುತ್ತಾರೆ.

ತುದಿಯನ್ನು ಕೆಳಕ್ಕೆ ಎಳೆಯುವುದು ಒಂದು ಪುಟ್ಟ ಸ್ನಾಯು. ಅದು ಮೇಲಿನ ಮುಂಹಲ್ಲುಗಳ ಬುಡದ ಎಲುಬು ಮತ್ತು ಮೇಲ್ತುಟಿಯ ಸ್ನಾಯುವಿನಿಂದ ಹೊರಟು, ಎರಡು ಹೊಳ್ಳೆಗಳ ನಡುವಿನ ಕಂಬದಂಥ ಭಾಗದ ಬುಡವನ್ನು ಸೇರುತ್ತದೆ. ಇನ್ನೊಂದು ಸ್ನಾಯು ಮೂಗಿನ ಪಕ್ಕದಿಂದ ಇಳಿದು ಹೊಳ್ಳೆಗೂ ಮೇಲ್ತುಟಿಗೂ ಕವಲಾಗಿ ಹೋಗಿ ಎರಡನ್ನೂ ಒಟ್ಟಿಗೆ ಎತ್ತುತ್ತದೆ. ಕೆಟ್ಟ ವಾಸನೆ ಬಂದಾಗ ನಾವು ಮುಖ ಸಿಂಡರಿಸುವುದು ಇದರಿಂದಲೇ. ಮೂಗಿನ ಮೇಲೆ ಅಡ್ಡಲಾಗಿ ಹರಡಿರುವ ಸ್ನಾಯು ಹೊಳ್ಳೆಗಳನ್ನು ಕಿರಿದು ಮಾಡುತ್ತದೆ, ಅರಳಿಸುತ್ತದೆ. ಹುಬ್ಬುಗಳ ನಡುವೆ ಇರುವುದು ಹುಬ್ಬು ಗಂಟಿಕ್ಕುವಾಗ ಮೂಗಿನ ಬುಡದಲ್ಲಿ ಅಡ್ಡಗೆರೆ ಮೂಡಿಸುತ್ತದೆ. ಮೂಗಿನ ಮತ್ತು ಮೇಲ್ತುಟಿಯ ಸ್ನಾಯುಗಳು ಬೇರೆ ಬೇರೆ ಮನೆಗಳಲ್ಲ, ಒಂದೇ ಗೋಡೆ ಹಂಚಿಕೊಂಡ ಮನೆಗಳು. ಒಂದು ಕಡೆ ಕೆಲಸ ನಡೆದರೆ ಇನ್ನೊಂದು ಕಡೆ ಅಲುಗಾಟ ತಪ್ಪಿದ್ದಲ್ಲ.

ಇವೆಲ್ಲವನ್ನೂ ನಡೆಸುವ ಮುಖದ ಮುಖ್ಯ ನರ ಕಿವಿಯ ಕೆಳಗಿನಿಂದ ಹೊರಟು ಕೆನ್ನೆಯಲ್ಲಿ ಕವಲೊಡೆಯುತ್ತದೆ. ಮೂಗಿನ ಶಸ್ತ್ರಚಿಕಿತ್ಸೆ ನಡೆಯುವುದು ಆ ದಾರಿಯಿಂದ ದೂರದಲ್ಲಿ, ಮೂಗಿನ ಚರ್ಮ ಮತ್ತು ಸ್ನಾಯುಗಳ ಅಡಿಯಲ್ಲಿ, ಎಲುಬು ಹಾಗೂ ಮೆತ್ತೆಲುಬಿನ (ಮೃದ್ವಸ್ಥಿ) ಮೇಲೆ. “ಬಾಯಿ ಸೊಟ್ಟಗಾಗಿಬಿಡುತ್ತದಂತೆ” ಎಂದು ಊರಿನಲ್ಲಿ ಯಾರೋ ಹೆದರಿಸಿದ್ದನ್ನು ಕೇಳಿ ಆಪರೇಷನ್ ಬೇಡವೆಂದು ಹಿಂದಿರುಗುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಮುಖದ ಒಂದು ಭಾಗ ಶಾಶ್ವತವಾಗಿ ಬಿದ್ದುಹೋಗುವುದು ಈ ಚಿಕಿತ್ಸೆಯಲ್ಲಿ ತೀರಾ ಅಪರೂಪ. ನಗು ಬಿಗಿಯಾಗುವುದು, ತುಟಿ ಭಾರವಾಗುವುದು ಮಾತ್ರ ಸಾಮಾನ್ಯ. ಇವೆರಡು ಒಂದೇ ಅಲ್ಲ.

ಮೊದಲ ವಾರಗಳು

ಆಪರೇಷನ್ ಆದ ದಿನ ತುಟಿಯ ಮೇಲೆ ಹಿಡಿತವೇ ಇಲ್ಲದಂತೆ ತೋರಬಹುದು. ಮೂಗಿಗೆ ಕೊಟ್ಟ ಮರಗಟ್ಟುವ ಇಂಜೆಕ್ಷನ್ ತುಟಿಗೂ ಹರಡಿರುತ್ತದೆ. ಕೆಲವು ಗಂಟೆಗಳಲ್ಲಿ ಇದು ಹೋಗುತ್ತದೆ. ನಂತರ ಬರುವುದು ಬಾವು. ಎರಡನೆಯ, ಮೂರನೆಯ ದಿನ ಬಾವು ಹೆಚ್ಚಾಗಿ, ಕಣ್ಣಿನ ಸುತ್ತ ಕಪ್ಪು ನೀಲಿ ಬಣ್ಣ ತಿರುಗುತ್ತದೆ. ಮೊದಲ ಬಾರಿ ನೋಡಿದ ಮನೆಯವರು ಗಾಬರಿಯಾಗುತ್ತಾರೆ. ಈ ಬಣ್ಣ ಹಳದಿಗೆ ತಿರುಗಿ ಸುಮಾರು ಎರಡು ವಾರದಲ್ಲಿ ಮಾಯುತ್ತದೆ. ಮೂಗಿನ ಕಂಬದ ಮೇಲೆ ಹೊಲಿಗೆ ಇದ್ದರೆ ಐದರಿಂದ ಏಳು ದಿನಕ್ಕೆ, ಮೇಲಿನ ಪ್ಲಾಸ್ಟರ್ ಸುಮಾರು ಒಂದು ವಾರಕ್ಕೆ ತೆಗೆಯುತ್ತೇವೆ.

ಪ್ಲಾಸ್ಟರ್ ತೆಗೆದಾಗ ಕಾಣುವ ಮೂಗು ಕೊನೆಯ ಮೂಗಲ್ಲ. ಆಗ ಕಾಣುವ ನಗುವೂ ಕೊನೆಯ ನಗುವಲ್ಲ. ತುಟಿಯ ಬುಡದಲ್ಲಿ ಬಾವು ತುಂಬಿರುವಾಗ ಸ್ನಾಯು ಸೆಳೆದರೂ ತುಟಿ ಏಳುವುದಿಲ್ಲ. ನೆನೆದ ಕಂಬಳಿ ಎತ್ತಿದ ಹಾಗೆ. ನಕ್ಕರೆ ಮೇಲಿನ ಹಲ್ಲು ಕಡಿಮೆ ಕಾಣುತ್ತವೆ. ‘ಪ’, ‘ಬ’, ‘ಮ’ ಅಕ್ಷರ ಹೇಳುವಾಗ ತುಟಿ ದಪ್ಪವೆನ್ನಿಸುತ್ತದೆ. ಎರಡು ಕಡೆಯ ಬಾವು ಒಂದೇ ವೇಗದಲ್ಲಿ ಇಳಿಯದೆ ಕೆಲವು ದಿನ ನಗು ಓರೆಯಾಗಿ ಕಾಣಬಹುದು. ಮುಕ್ಕಾಲು ಪಾಲು ಜನರಿಗೆ ಕಾಡುವ ಚಿಂತೆ ಇದೇ, ಮುಕ್ಕಾಲು ಪಾಲು ಚಿಂತೆಗೆ ಮದ್ದು ಕಾಯುವುದೇ. ತುಟಿಯ ಬಿಗಿತ ಸಾಮಾನ್ಯವಾಗಿ ಕೆಲವು ವಾರದಿಂದ ಮೂರು ತಿಂಗಳ ಒಳಗೆ ಸಡಿಲವಾಗುತ್ತದೆ. ಮೂಗಿನ ತುದಿಯ ಬಾವು ಎಲ್ಲಕ್ಕಿಂತ ನಿಧಾನ, ಪೂರ್ತಿ ಇಳಿಯಲು ಒಂದು ವರ್ಷ ಬೇಕು. ನಮ್ಮ ಜನರಲ್ಲಿ ಹಲವರಿಗಿರುವಂತೆ ತುದಿಯ ಚರ್ಮ ದಪ್ಪವಿದ್ದರೆ ಇನ್ನೂ ಕೆಲವು ತಿಂಗಳು ಹೆಚ್ಚು.

ಮೂಗಿನ ತುದಿ ಜೋಮು ಹಿಡಿದಂತಿರುವುದೂ ಉಂಟು. ನಡುಗೋಡೆಯನ್ನೂ ಸರಿಪಡಿಸಿದ್ದರೆ ಮೇಲಿನ ಮುಂಹಲ್ಲುಗಳು, ಅವುಗಳ ಹಿಂದಿನ ಅಂಗಳದ ಭಾಗ ಮರಗಟ್ಟಿದಂತೆ ಅನ್ನಿಸಬಹುದು. ಮೂಗಿನ ನೆಲದ ಮೂಲಕ ಅಂಗಳಕ್ಕೆ ಇಳಿಯುವ ಸಣ್ಣ ನರಕ್ಕೆ ಪೆಟ್ಟು ಬೀಳುವುದೇ ಕಾರಣ. ಸ್ಪರ್ಶ ತಿಂಗಳುಗಳಲ್ಲಿ ಮರಳಿ ಬರುತ್ತದೆ. ಬರುವಾಗ ಇರುವೆ ಹರಿದಂತೆ, ಚುಚ್ಚಿದಂತೆ ಆದರೆ ಹೆದರಬೇಡಿ. ಅದು ಒಳ್ಳೆಯ ಲಕ್ಷಣ.

ಉಳಿದುಕೊಳ್ಳುವ ಬದಲಾವಣೆಗಳು

ಎಲ್ಲವೂ ಮೊದಲಿನಂತೆಯೇ ಆಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವು ಬದಲಾವಣೆಗಳು ಉಳಿಯುತ್ತವೆ. ಕೆಲವನ್ನು ಬೇಕೆಂದೇ ಮಾಡಲಾಗುತ್ತದೆ.

ನಗುವಾಗ ತುದಿ ಬಹಳ ಕೆಳಕ್ಕೆ ಬಾಗುವವರಲ್ಲಿ ಶಸ್ತ್ರಚಿಕಿತ್ಸಕರು ಮೇಲೆ ಹೇಳಿದ ಪುಟ್ಟ ಸ್ನಾಯುವನ್ನು ಕತ್ತರಿಸುತ್ತಾರೆ, ಇಲ್ಲವೇ ಬಿಡಿಸುತ್ತಾರೆ. ಆಗ ನಕ್ಕರೂ ತುದಿ ನಿಂತಲ್ಲೇ ನಿಲ್ಲುತ್ತದೆ. ಕೆಲವರಲ್ಲಿ ನಗುವಾಗ ಮೇಲ್ತುಟಿಯ ಮೇಲೆ ಬೀಳುತ್ತಿದ್ದ ಅಡ್ಡಗೆರೆ ಹೋಗುತ್ತದೆ. ವಸಡು ಬಹಳ ಕಾಣುತ್ತಿದ್ದವರಿಗೆ ಅದು ಸ್ವಲ್ಪ ಮುಚ್ಚಬಹುದು. ಇದನ್ನು ಬಯಸಿ ಬಂದವರಿಗೆ ಸಂತೋಷ. ಆದರೆ “ನನ್ನ ನಗುವಿನಲ್ಲಿ ನಮ್ಮ ಅವ್ವನ ನಗು ಕಾಣ್ತಿತ್ತು, ಈಗ ಕಾಣ್ತಿಲ್ಲ” ಎನ್ನುವವರಿಗೆ ಇದೇ ಬದಲಾವಣೆ ಒಂದು ನಷ್ಟ. ತುದಿಗೆ ಆಧಾರವಾಗಿ ಕಂಬದೊಳಗೆ ಮೆತ್ತೆಲುಬಿನ ಪಟ್ಟಿ ಇಟ್ಟು ಹೊಲಿದರೆ ಮೂಗು ಕುಸಿಯುವುದಿಲ್ಲ, ನಿಜ, ಆದರೆ ತುದಿ ಮೊದಲಿನ ಹಾಗೆ ಮೆತ್ತಗೆ ಆಡುವುದೂ ಇಲ್ಲ. ನಕ್ಕಾಗ, ಮುತ್ತಿಡುವಾಗ, ಮೂಗು ಒರೆಸಿಕೊಳ್ಳುವಾಗ ಆ ಗಟ್ಟಿತನ ತಿಳಿಯುತ್ತದೆ. ತುದಿಯನ್ನು ಮೇಲಕ್ಕೆ ಎತ್ತಿದಾಗ ತುಟಿ ಉದ್ದವಾದಂತೆ ಕಾಣಬಹುದು.

ಸುಮ್ಮನೆ ಕುಳಿತಾಗಿನ ಮುಖಭಾವವೂ ಬದಲಾಗುತ್ತದೆ. ತುದಿ ಜೋತುಬಿದ್ದ ಮುಖ ದಣಿದಂತೆ, ಸಿಡುಕಿನಂತೆ ತೋರುತ್ತದೆ. ಅದನ್ನು ಎತ್ತಿದರೆ “ಏನಪ್ಪಾ, ಲವಲವಿಕೆಯಿಂದ ಇದ್ದೀಯಲ್ಲ” ಎನ್ನುತ್ತಾರೆ. ಅತಿಯಾಗಿ ಎತ್ತಿದರೆ ಸದಾ ಮೂಗು ಮುರಿದಂತೆ, ಹೊಳ್ಳೆ ಎದುರಿಗೇ ಕಾಣುವಂತೆ ಆಗಿ ಮುಖ ಬೇರೆಯದೇ ಆಗುತ್ತದೆ. ಏಣಿನ ಉಬ್ಬನ್ನು ಅತಿಯಾಗಿ ಕೆತ್ತಿದರೂ ಹೀಗೆಯೇ. ಒಳ್ಳೆಯ ಕೈ ಎಂದರೆ ಕಡಿಮೆ ತೆಗೆಯುವ ಕೈ ಎಂಬುದು ನಮ್ಮ ಅಭಿಪ್ರಾಯ. ತೆಗೆದುಹಾಕಿದ ಎಲುಬನ್ನು ಮತ್ತೆ ತುಂಬಬೇಕಾದರೆ ಕಿವಿಯ ಅಥವಾ ಪಕ್ಕೆಲುಬಿನ ಮೆತ್ತೆಲುಬನ್ನು ತರಬೇಕಾಗುತ್ತದೆ.

ಆಪರೇಷನ್‌ಗೆ ಮೊದಲು

ಸಿನಿಮಾ ನಟಿಯ ಫೋಟೊ ತರುವವರಿದ್ದಾರೆ. ಅದರ ಬದಲು ನಿಮ್ಮವೇ ನಾಲ್ಕು ಫೋಟೊ ತನ್ನಿ: ಸುಮ್ಮನಿರುವಾಗಿನದು, ಮುಗುಳ್ನಗುವಿನದು, ಜೋರಾಗಿ ನಗುವಾಗಿನದು, ಪಕ್ಕದಿಂದ ತೆಗೆದದ್ದು. ಮೊಬೈಲಿನಲ್ಲಿ ಒಂದು ನಿಮಿಷ ಮಾತಾಡಿ ನಗುವ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ತೀರಾ ಹತ್ತಿರದಿಂದ ತೆಗೆದ ಸೆಲ್ಫಿ ಬೇಡ, ಅದರಲ್ಲಿ ಯಾರ ಮೂಗಾದರೂ ದೊಡ್ಡದಾಗಿಯೇ ಕಾಣುತ್ತದೆ. ನಂತರ ವೈದ್ಯರನ್ನು ನೇರವಾಗಿ ಕೇಳಿ: ನನ್ನ ತುದಿ ನಗುವಾಗ ಬಾಗುತ್ತದೆಯೇ? ಆ ಸ್ನಾಯುವನ್ನು ಮುಟ್ಟುತ್ತೀರಾ? ಮುಟ್ಟಿದರೆ ನನ್ನ ತುಟಿ ಹೇಗಾಗುತ್ತದೆ? ನನ್ನ ನಗು ಈಗಿರುವಂತೆಯೇ ಇರಲಿ ಎಂದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಎಲ್ಲ ಗೊತ್ತಿರುತ್ತದೆ ಎಂದು ಸಂಕೋಚದಿಂದ ಸುಮ್ಮನಿರಬೇಡಿ. ನಿಮಗೆ ಯಾವ ನಗು ಬೇಕು ಎಂಬುದು ನೀವು ಹೇಳದ ಹೊರತು ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ತುದಿ ಎಳೆಯುವ ಸ್ನಾಯುವನ್ನು ಕತ್ತರಿಸುವ ಮೊದಲು ಬೊಟಾಕ್ಸ್ ಇಂಜೆಕ್ಷನ್‌ನಿಂದ ಸಡಿಲಗೊಳಿಸಿ ನೋಡುವ ಪದ್ಧತಿಯೂ ಇದೆ. ಅದರ ಪರಿಣಾಮ ಮೂರು ನಾಲ್ಕು ತಿಂಗಳಷ್ಟೇ, ಹಿಡಿಸದಿದ್ದರೆ ತಾನಾಗಿಯೇ ಹೋಗುತ್ತದೆ.

ಮದುವೆ ಗೊತ್ತಾದ ಮೇಲೆ ಓಡಿಬರುವುದು ಸರಿಯಲ್ಲ. ಲಗ್ನಕ್ಕೆ ಒಂದೂವರೆ ತಿಂಗಳಿದೆ ಎಂದರೆ ಮದುವಣಗಿತ್ತಿ ಬಾವು ಮುಖದಲ್ಲಿ, ಬಿಗಿ ನಗುವಿನಲ್ಲಿ ಹಸೆಮಣೆ ಏರಬೇಕಾಗುತ್ತದೆ. ಕನಿಷ್ಠ ಆರು ತಿಂಗಳು, ಸಾಧ್ಯವಿದ್ದರೆ ಒಂದು ವರ್ಷ ಬಿಡುವು ಇರಲಿ. ಬೆಳವಣಿಗೆ ಮುಗಿಯದ ಮಕ್ಕಳಿಗೆ ಕೇವಲ ರೂಪಕ್ಕಾಗಿ ಮಾಡುವುದಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ಬೇರೆಯವರ ಕಣ್ಣಿಗೆ ಕಾಣದಷ್ಟು ಸಣ್ಣ ಕೊರತೆಯನ್ನು ಹಿಡಿದು ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಅದರಿಂದಾಗಿ ಕಾಲೇಜು, ಕೆಲಸ, ಊಟ ಬಿಡುವುದು ಒಂದು ಮಾನಸಿಕ ತೊಂದರೆ. ಮೂಗಿನ ಚಿಕಿತ್ಸೆ ಕೇಳಿಕೊಂಡು ಬರುವವರಲ್ಲಿ ಇದು ಸಾಮಾನ್ಯ ಜನರಿಗಿಂತ ಹೆಚ್ಚು. ಇಂಥವರಿಗೆ ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದರೂ ಸಮಾಧಾನ ಸಿಗುವುದಿಲ್ಲ, ಮೂಗಿನ ಮೇಲಿನ ಚಿಂತೆ ನಗುವಿನ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಕೆಲವರನ್ನು ಮೊದಲು ಮಾನಸಿಕ ವೈದ್ಯರ ಹತ್ತಿರ ಕಳಿಸುತ್ತೇವೆ. ಇದು ಹುಚ್ಚು ಎಂದು ಹೇಳಿದಂತಲ್ಲ. ಚಿಕಿತ್ಸೆಯಿಂದ ಗುಣವಾಗುವ ತೊಂದರೆ ಅದು.

ಜೊತೆಗಿರುವವರಿಗೆ

ನಿಮ್ಮ ಒಂದು ಮಾತಿಗೆ ಈ ಸಮಯದಲ್ಲಿ ತೂಕ ಹೆಚ್ಚು. ನೋಡಲು ಬಂದ ಚಿಕ್ಕಮ್ಮ, ಸೋದರತ್ತೆ “ಅಯ್ಯೋ, ನಗು ಮೊದಲಿನ ಹಂಗಿಲ್ಲವಲ್ಲೇ” ಎಂದು ಒಮ್ಮೆ ಅಂದರೆ ಸಾಕು, ಆ ಹುಡುಗಿ ಆವತ್ತಿನಿಂದ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಬಾವು ಇಳಿದ ಮೇಲೂ ಆ ಕೈ ಇಳಿಯುವುದಿಲ್ಲ. ನಗುವನ್ನು ತಡೆಹಿಡಿಯುವ ಅಭ್ಯಾಸ ಬಿದ್ದರೆ ಮುಖ ನಿಜವಾಗಿಯೂ ಬಿಗಿಯಾಗಿ ಕಾಣತೊಡಗುತ್ತದೆ, ಆಗ ತಪ್ಪು ಆಪರೇಷನ್ನಿನದು ಎಂದು ಎಲ್ಲರೂ ನಂಬುತ್ತಾರೆ. ಮೊದಲ ಒಂದೆರಡು ವಾರ ಮನಸ್ಸು ಕುಗ್ಗುವುದು, ಸುಮ್ಮಸುಮ್ಮನೆ ಅಳು ಬರುವುದು ಹಲವರಿಗೆ ಆಗುತ್ತದೆ. ಮುಖ ಬಾತಿರುತ್ತದೆ, ಮೂಗು ಕಟ್ಟಿರುತ್ತದೆ, ನಿದ್ದೆ ಸರಿಯಿರುವುದಿಲ್ಲ. ಆಗ ಹೋಲಿಸಿ ನೋಡುವುದು ಬೇಡ. ಹಳೆಯ ಫೋಟೊ ಪಕ್ಕ ಇಟ್ಟು ನೋಡುವ ಕೆಲಸವನ್ನು ವೈದ್ಯರಿಗೆ ಬಿಡಿ.

ಆರೈಕೆಯಲ್ಲಿ ನಿಮ್ಮ ಪಾಲು ದೊಡ್ಡದು. ಮಲಗುವಾಗ ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿರಿಸಿ. ಮೊದಲ ಎರಡು ವಾರ ಗಂಜಿ, ಮೆತ್ತಗಿನ ಅನ್ನ, ಇಡ್ಲಿ, ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಡಿ. ಖಡಕ್ ರೊಟ್ಟಿ, ಕಬ್ಬು, ಗಟ್ಟಿಯಾದ ಚಕ್ಕುಲಿ ಬೇಡ, ಏಕೆಂದರೆ ಅಗಿಯುವಾಗ, ಕಚ್ಚಿ ಎಳೆಯುವಾಗ ಮೇಲ್ತುಟಿಯೂ ಹೊಲಿಗೆಯೂ ಸೆಳೆಯುತ್ತವೆ. ಮುಗುಳ್ನಗುವಿಗೆ ಅಡ್ಡಿಯಿಲ್ಲ, ಹೊಟ್ಟೆ ಹಿಡಿದು ನಗಿಸುವ ಹಾಸ್ಯವನ್ನು ಮಾತ್ರ ಎರಡು ವಾರ ಮುಂದಕ್ಕೆ ಹಾಕಿ! ಮೂಗು ಸೀನಿ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕವನ್ನು ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಒಂದು ತಿಂಗಳಿಗೂ ಹೆಚ್ಚು, ಮೂಗಿನ ಏಣಿನ ಮೇಲೆ ಕೂರಿಸಬಾರದು. ಹಣೆಗೆ ಟೇಪ್ ಹಚ್ಚಿ ತೂಗಿಸಿಕೊಳ್ಳಬಹುದು. ಮೂಗುತಿ ಆಪರೇಷನ್‌ಗೆ ಮೊದಲೇ ತೆಗೆದಿರುತ್ತದೆ, ತಿರುಗಿ ಯಾವಾಗ ಹಾಕಬೇಕೆಂದು ಕೇಳಿಯೇ ಹಾಕಿ. ಬೀಡಿ, ಸಿಗರೇಟು, ಗುಟ್ಕಾ ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಗಾಯ ಮಾಯುವುದಿಲ್ಲ. ನಶ್ಯದ ಡಬ್ಬಿಯನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ. ಯಾರೋ ಹೇಳಿದರೆಂದು ಮೂಗನ್ನು, ತುಟಿಯನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಮಾಲೀಸು ಬೇಕಾದವರಿಗೆ ಯಾವಾಗ, ಹೇಗೆ ಎಂದು ನಾವೇ ತೋರಿಸುತ್ತೇವೆ.

ಪೂಜೆ ಬಿಡಬೇಕೇ ಎಂದು ಹಿರಿಯರು ಕೇಳುತ್ತಾರೆ. ಬಿಡಬೇಕಾಗಿಲ್ಲ. ಇಷ್ಟಲಿಂಗ ಪೂಜೆಗೆ ಕುಳಿತಾಗ ತಲೆ ಬಗ್ಗಿಸುವ ಬದಲು ಕರಸ್ಥಲವನ್ನೇ ಕಣ್ಣಿನ ಮಟ್ಟಕ್ಕೆ ತನ್ನಿ. ವಿಭೂತಿಯನ್ನು ನೀರಿನಲ್ಲಿ ಕಲಸಿ ಹಣೆಗೆ ಹಗುರವಾಗಿ ಧರಿಸಿ, ಪುಡಿ ಮೂಗಿನ ಮೇಲೆ ಉದುರದಿರಲಿ. ಊದುಬತ್ತಿಯ ಹೊಗೆಯಿಂದ ದೂರವಿರಿ. ಮೂರು ವಾರ ಬಗ್ಗಿ ಪಾದ ಮುಟ್ಟುವುದು, ಸಾಷ್ಟಾಂಗ ಹಾಕುವುದು ಬೇಡ. ನಿಂತೇ ಕೈ ಮುಗಿದರೆ ಸಾಕು.

ತಡಮಾಡದೆ ಬರಬೇಕಾದ ಸಂದರ್ಭಗಳು

ಒಂದು ಕಣ್ಣು ಮುಚ್ಚಲು ಆಗದಿರುವುದು, ಬಾಯಿ ಒಂದೇ ಕಡೆಗೆ ಎಳೆದಂತಾಗಿ ನೀರು ಕುಡಿದರೆ ಸೋರುವುದು, ಇವು ಬಾವಿನ ಲಕ್ಷಣಗಳಲ್ಲ. ಆ ದಿನವೇ ತೋರಿಸಬೇಕು. ದೃಷ್ಟಿ ಮಂಜಾದರೆ, ಮೂಗಿನಿಂದ ನೀರಿನಂಥ ಉಪ್ಪುರುಚಿಯ ದ್ರವ ತೊಟ್ಟಿಕ್ಕಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಎರಡೂ ಹೊಳ್ಳೆ ಪೂರ್ತಿ ಕಟ್ಟಿ ಒಳಗೆ ಸಿಡಿತದ ನೋವು ಹೆಚ್ಚುತ್ತಾ ಹೋದರೆ ರಾತ್ರಿಯಾದರೂ ಸರಿ, ಬನ್ನಿ. ಕೊನೆಯದು ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಬಿಟ್ಟರೆ ಮೆತ್ತೆಲುಬು ಕೊಳೆತು ಮೂಗು ಕುಸಿಯುತ್ತದೆ.

ಇದಾವುದೂ ಇಲ್ಲದೆ ಕೇವಲ ನಗು ಬಿಗಿ ಎಂಬ ಕಾರಣಕ್ಕೆ ಮೂರನೆಯ ತಿಂಗಳಿಗೇ ಇನ್ನೊಂದು ಊರಿನ ಇನ್ನೊಬ್ಬ ವೈದ್ಯರಲ್ಲಿ ಎರಡನೆಯ ಆಪರೇಷನ್‌ಗೆ ಮಲಗುವುದು ನಾವು ಕಾಣುವ ಅತಿ ದೊಡ್ಡ ಅನಾಹುತ. ಮಾಯದ ಗಾಯದ ಮೇಲೆ ಮತ್ತೆ ಕತ್ತಿ ಆಡಿಸಿದರೆ ಒಳಗೆ ಗಾಯದ ಗಂಟು ಬೆಳೆದು, ತಾನಾಗಿ ಹೋಗಬೇಕಾಗಿದ್ದ ಬಿಗಿತ ಶಾಶ್ವತವಾಗುತ್ತದೆ. ಅದಕ್ಕಾಗಿ ಹೊಲ ಅಡವಿಟ್ಟು ಸಾಲ ಮಾಡುವವರೂ ಇದ್ದಾರೆ. ನಿಜವಾಗಿ ತಿದ್ದುವುದು ಇದ್ದರೂ ಒಂದು ವರ್ಷ ಕಳೆದ ಮೇಲೆಯೇ ಅದರ ಮಾತು. ಅನುಮಾನವಿದ್ದರೆ ಬೇರೆ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು, ಕೇಳಿ. ಅಭಿಪ್ರಾಯ ಕೇಳುವುದು ಬೇರೆ, ಆಪರೇಷನ್ ಮಾಡಿಸಿಕೊಳ್ಳುವುದು ಬೇರೆ.

ಹೊಲಿಗೆ ತೆಗೆದ ಮೇಲೆ ಒಂದು, ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಿಗೆ ತಪಾಸಣೆಗೆ ಬರಬೇಕು. ಪ್ರತಿ ಸಲವೂ ಅದೇ ಬೆಳಕಿನಲ್ಲಿ, ಅದೇ ದೂರದಿಂದ, ಸುಮ್ಮನಿರುವಾಗ ಮತ್ತು ನಗುವಾಗ ಫೋಟೊ ತೆಗೆಯುತ್ತೇವೆ. ಬರುವಾಗ ಹೊರರೋಗಿ ಚೀಟಿ ಮತ್ತು ಆಪರೇಷನ್‌ಗೆ ಮೊದಲು ತಂದಿದ್ದ ನಿಮ್ಮ ನಾಲ್ಕು ಫೋಟೊಗಳನ್ನು ಮರೆಯದೆ ತನ್ನಿ.